ತಾಂಡೇಲನನ್ನು ಮೊದಲು ಸಾಯಿಸಿದ ದಿನ

ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಸುಬೇದಾರನಾಗಿ ನಿವೃತ್ತನಾಗಿ ಹಿರಿಯಡ್ಕಕ್ಕೆ ಬಂದ ನಾಲ್ಕನೆಯ ವರ್ಷ ನನಗೊಂದು ಹೊಸ ಹುದ್ದೆ ಸಿಕ್ಕಿತು: ಸಿನಿಮಾವೊಂದಕ್ಕೆ ಮಿಲಿಟರಿ ಅಡ್ವೈಸರ್. ನಟರಿಗೆ ಬಂದೂಕು ಹಿಡಿಯುವುದು, ತೆವಳುವುದು, ಬೀಳುವುದು ಕಲಿಸಬೇಕು. ಹೊಡೆದಾಟದ ದೃಶ್ಯದಲ್ಲಿ ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಎರಡನೆಯ ಕೆಲಸವೇ ಮುಖ್ಯವಾದದ್ದು, ಅದರಲ್ಲೇ ನಾನು ಸೋತೆ.

ಸಿನಿಮಾ ಒಂದು ಕಾದಂಬರಿಯನ್ನು ಆಧರಿಸಿತ್ತು. ಗಡಿಯ ಗುಡ್ಡದ ಮೇಲಿನ ಒಂಟಿ ಔಟ್‌ಪೋಸ್ಟ್, ಹನ್ನೆರಡು ಮಂದಿ ಸೈನಿಕರು, ಕೆಟ್ಟುಹೋದ ವಯರ್‌ಲೆಸ್. ಕೊನೆಯ ದಿನ ಗುಂಡು ಮುಗಿದು, ಬಂದೂಕಿನ ಹಿಂದಿನ ಮರದ ಭಾಗದಿಂದಲೇ, ಅಂದರೆ ಬಟ್‌ನಿಂದಲೇ, ಬಡಿದಾಡಿ ಸಾಯುತ್ತಾರೆ. ಕಾದಂಬರಿಕಾರರು ಆ ಬಡಿದಾಟವನ್ನು ಒಂದೂವರೆ ಪುಟದಲ್ಲಿ ಮುಗಿಸಿದ್ದರು. ನಿರ್ದೇಶಕಿಗೆ ಅದು ಆರು ನಿಮಿಷ ಬೇಕಿತ್ತು.

"ಆರು ನಿಮಿಷ ಹಾಗೆ ಹೊಡೆದಾಡಲು ಮನುಷ್ಯರಿಂದ ಆಗುವುದಿಲ್ಲ ಮೇಡಂ," ಎಂದೆ.

"ಸಿನಿಮಾದಲ್ಲಿ ಆಗ್ತದೆ ಸರ್," ಎಂದರು. ಅಲ್ಲಿಗೆ ನನ್ನ ಸಲಹೆ ಮುಗಿಯಿತು.

ಕಾರ್ಕಳದ ಹೊರಗಿನ ಒಂದು ಬೋಳು ಕರಿಬಂಡೆಯ ಮೇಲೆ ಮರಳಿನ ಚೀಲ ಪೇರಿಸಿ ಔಟ್‌ಪೋಸ್ಟ್ ಕಟ್ಟಿದರು. ನಮ್ಮ ಕಡೆಯ ಸೈನಿಕರಾಗಿ ಕಾಪುವಿನ ಒಂದು ಕೈರಂಪಣಿ ತಂಡವನ್ನು ಇಡಿಯಾಗಿ ಕರೆತಂದೆವು. ಕೈರಂಪಣಿ ಎಂದರೆ ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ. ಎಳೆದು ಎಳೆದು ಅವರ ತೋಳುಗಳು ಹುರಿಗಟ್ಟಿದ್ದವು. ಅವರ ಮುಖ್ಯಸ್ಥ, ತಾಂಡೇಲ, ಐವತ್ತೈದರ ವಾಸಣ್ಣ. ವೈರಿಗಳಾಗಿ ಕಾರ್ಕಳದ ಜಿಮ್ ಹುಡುಗರು. ಅವರಲ್ಲಿ ಸಂದೇಶ ಎಂಬವನು ಚುರುಕು. ಸಿನಿಮಾದಲ್ಲೇ ಮುಂದೆ ಬರಬೇಕೆಂಬ ಆಸೆ ಅವನಿಗೆ.

ಮೂರು ದಿನ ರಿಹರ್ಸಲ್ ಮಾಡಿಸಿದೆ. ನಾನು ಸೀಟಿ ಊದಿದರೆ ಎಲ್ಲರೂ ನಿಲ್ಲಬೇಕು. ನಿಲ್ಲುತ್ತಿದ್ದರು. ಪಕ್ಕದಲ್ಲಿದ್ದ ವಾಸಣ್ಣ ಸೀಟಿ ಕೇಳಿದ ಕೂಡಲೇ "ಬುಡ್ಲೆ" ಎಂದು ಕೂಗುತ್ತಿದ್ದರು. ತುಳುವಿನಲ್ಲಿ ಬಿಡಿ ಎಂದರ್ಥ. ಹಗ್ಗ ಬಿಡಿಸುವ ಕೂಗು.

"ಎಂತ ವಾಸಣ್ಣ, ನನ್ನ ಸೀಟಿಗೆ ನಿಮ್ಮದೊಂದು ಬಾಲವಾ?" ಎಂದು ತಮಾಷೆ ಮಾಡಿದೆ.

"ಅಭ್ಯಾಸ ಸುಬೇದಾರ್ರೆ," ಎಂದು ನಕ್ಕರು.

ವಾಸಣ್ಣನ ತಂಡದ ಉಳಿದ ಹನ್ನೊಂದು ಮಂದಿ ನಿಂತದ್ದು ನನ್ನ ಸೀಟಿಗಲ್ಲ, ಆ ಬಾಲಕ್ಕೆ ಎಂದು ನನಗೆ ಹೊಳೆಯಲಿಲ್ಲ. ಅಲೆಯ ಸದ್ದಿನ ನಡುವೆ ದಡದಲ್ಲಿ ನೂರು ಜನ ನೂರು ಮಾತು ಕೂಗುತ್ತಾರೆ. ತಾಂಡೇಲನ ಸ್ವರ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಕಿವಿಗೆ ಹಾಕಿಕೊಳ್ಳಬಾರದು ಎಂದೇ ಅವರು ಬೆಳೆದವರು. ನಾನೋ, ದೃಶ್ಯದಲ್ಲಿ ಮೊದಲು ಸಾಯುವ ಹವಾಲ್ದಾರನ ಪಾತ್ರವನ್ನು ಆ ವಾಸಣ್ಣನಿಗೇ ಕೊಡಿಸಿದ್ದೆ. ಮುಖ ಚೆನ್ನಾಗಿತ್ತು, ಅದಕ್ಕೆ.

ಇನ್ನೊಂದು ತಪ್ಪೂ ನನ್ನದೇ. ರಬ್ಬರ್ ಬಂದೂಕುಗಳು ಕ್ಯಾಮೆರಾದಲ್ಲಿ ಬಳುಕುತ್ತಿದ್ದವು. ಮರದವನ್ನು ಕೊಡಿ ಎಂದವನು ನಾನು.

ಊಟಕ್ಕೆ ಗುಳ್ಳ ಬದನೆಯ ಹುಳಿ. ಉಂಡೆದ್ದು ಶೂಟಿಂಗ್ ಶುರು ಮಾಡಿದಾಗ ಬಂಡೆ ಕಾದ ಕಾವಲಿಯಂತಿತ್ತು. ಮೊದಲನೆಯ ಟೇಕಿನಲ್ಲಿ ಸತ್ತು ಬಿದ್ದ ವಾಸಣ್ಣ ಇರುವೆ ಕಚ್ಚಿತೆಂದು ಮೂಗು ಕೆರೆದುಕೊಂಡರು. ನನಗೆ ತಲೆಬಿಸಿಯಾಯಿತು. "ಸತ್ತವರು ಮೂಗು ಕೆರೆಯುವುದಿಲ್ಲ. ಏನೇ ಆಗಲಿ, ನಾನು ಬಂದು ಮುಟ್ಟುವವರೆಗೆ ಅಲುಗಾಡಬಾರದು," ಎಂದು ಗದರಿದೆ. ಅವರು ತಲೆಯಾಡಿಸಿದರು.

ಎರಡನೆಯ ಟೇಕಿನಲ್ಲಿ ಸಂದೇಶನ ಬೆವರಿದ ಕೈ ಜಾರಿತು. ಗಾಳಿಯಲ್ಲಿ ನಿಲ್ಲಬೇಕಿದ್ದ ಬಟ್ ವಾಸಣ್ಣನ ನೆತ್ತಿಗೆ ಬಡಿಯಿತು. ಒಣ ತೆಂಗಿನಕಾಯಿ ಒಡೆದ ಸದ್ದು. ಅವರು ಬಿದ್ದರು. ಬಣ್ಣದ ರಕ್ತದ ಮೇಲೆ ನಿಜವಾದ ರಕ್ತ ಹರಿಯಿತು, ಅವರು ಅಲುಗಾಡಲಿಲ್ಲ.

ತಂಡದವರು ನೋಡಿದ್ದು ಇಷ್ಟು: ತಾಂಡೇಲ ಬಿದ್ದ, ಏಳಲಿಲ್ಲ. ವಾಸಣ್ಣನ ತಮ್ಮ ಗಣೇಶನ ಬಾಯಿಂದ ಬಂದದ್ದು ಮಾತಲ್ಲ, ಬೊಬ್ಬೆ. ಮರುಕ್ಷಣ ಹನ್ನೊಂದು ಮರದ ಬಂದೂಕುಗಳು ಸಂದೇಶನ ಮೇಲಿದ್ದವು. ಮೊದಲ ಪೆಟ್ಟಿಗೆ ದವಡೆ ಮುರಿಯಿತು, ಎರಡನೆಯದಕ್ಕೆ ಮಂಡಿಯೂರಿದ. ಮೂರನೆಯದನ್ನು ಗಣೇಶ ನೇರ ಮುಖಕ್ಕೆ ಹೊಡೆದ. ಬಿಡಿಸಲು ಬಂದ ಜಿಮ್ ಹುಡುಗರಲ್ಲಿ ಒಬ್ಬನ ಹಲ್ಲು ಬಂಡೆಯ ಮೇಲೆ ಉರುಳಿತು. ನಾನು ಸೀಟಿ ಊದಿದೆ. ನಿರ್ದೇಶಕಿ ಮೈಕಿನಲ್ಲಿ ಕಟ್ ಕಟ್ ಎಂದು ಕೂಗಿದರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ನಿಜವಾದ ಔಟ್‌ಪೋಸ್ಟಿನಲ್ಲಿ ಒಮ್ಮೆ ನಾನೂ ಇಂಥ ಕೈಕೈ ಕಾದಾಟದಲ್ಲಿ ಇದ್ದವನು. ಏನೂ ಕೇಳಿಸದ ಆ ಮುಖ ನನಗೆ ಗೊತ್ತು. ಅದನ್ನು ಇಲ್ಲಿ ಮತ್ತೆ ಕಂಡೆ. ನಡುವೆ ನುಗ್ಗಿದೆ. ಮೊಣಕೈಗೆ ಪೆಟ್ಟು ಬಿತ್ತು, ಕೈ ಜೋತುಬಿತ್ತು. ಇನ್ನು ಹತ್ತು ಪೆಟ್ಟಾದರೆ ಹುಡುಗ ಉಳಿಯುವುದಿಲ್ಲ ಎಂದು ಖಚಿತವಾಯಿತು. ಆಗ ರಿಹರ್ಸಲ್ಲಿನ ಆ ಕೂಗು ನೆನಪಾಯಿತು. ತೆವಳಿಕೊಂಡು ಹೋಗಿ ವಾಸಣ್ಣನ ಹೆಗಲು ಮುಟ್ಟಿದೆ.

"ವಾಸಣ್ಣ, ಕೂಗಿ. ನಿಮ್ಮವರು ಕೊಲ್ತಾ ಇದ್ದಾರೆ."

ಅವರು ಥಟ್ಟನೆ ಎದ್ದು ಕೂತರು. ಒಂದು ಕಣ್ಣಿನ ಮೇಲೆ ರಕ್ತ ಇಳಿಯುತ್ತಿತ್ತು. "ಬುಡ್ಲೆ!" ಎಂದರು, ಒಂದೇ ಸಲ. ಹನ್ನೊಂದು ಜೊತೆ ಕೈಗಳು ಒಟ್ಟಿಗೆ ಬಿಚ್ಚಿಕೊಂಡವು.

ಸಂದೇಶನನ್ನು ಮಣಿಪಾಲದ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಬಲಗಣ್ಣು ಉಳಿಯಲಿಲ್ಲ. ವಾಸಣ್ಣನೇ ಗಣೇಶನನ್ನು ಕರೆದುಕೊಂಡು ಠಾಣೆಗೆ ಹೋದರು. ನಾನೂ ಹೋಗಿ, ಮರದ ಬಂದೂಕು ಕೊಡಿಸಿದವನು ನಾನೆಂದು ಬರೆಸಿದೆ.

ವಾರ್ಡಿನ ಹೊರಗೆ, ತಲೆಗೆ ಹೊಲಿಗೆ ಹಾಕಿಸಿಕೊಂಡು ಕೂತಿದ್ದ ವಾಸಣ್ಣನನ್ನು ಕೇಳಿದೆ: "ಪ್ರಜ್ಞೆ ತಪ್ಪಿತ್ತಾ ನಿಮಗೆ?"

"ಇಲ್ಲ ಸುಬೇದಾರ್ರೆ. ಎಲ್ಲ ಕೇಳ್ತಾ ಇತ್ತು. ಸೀಟಿಯೂ ಕೇಳಿತು. ಆದರೆ ನೀವು ಮುಟ್ಟಲಿಲ್ಲ ಅಲ್ವಾ. ಆ ಸಂದೇಶ ಎಷ್ಟು ಚಂದ ಬೊಬ್ಬೆ ಹಾಕಿ ಆಕ್ಟಿಂಗ್ ಮಾಡ್ತಾನೆ ಅಂತ ಎಣಿಸಿಕೊಂಡು ಮಲಗಿದ್ದೆ."

ನನಗೆ ಅಳು ಬಂತು. ಸೈನ್ಯದಲ್ಲಿ ಅತ್ತವನಲ್ಲ ನಾನು.

ಕ್ಯಾಮೆರಾ ಅಷ್ಟೂ ಹೊತ್ತು ಓಡುತ್ತಿತ್ತು. ಆ ತುಂಡನ್ನು ಸುಟ್ಟುಹಾಕಿ ಎಂದು ನಿರ್ದೇಶಕಿಯೊಡನೆ ಜಗಳವಾಡಿದೆ. ಆದರೆ ಸಂದೇಶನೇ ಬೇಡವೆಂದ. "ಇರಲಿ ಸರ್. ನಾನು ಇರುವ ಸಿನಿಮಾ ಇದೊಂದೇ," ಎಂದ. ನಿರ್ದೇಶಕಿ ಇಟ್ಟುಕೊಂಡರು.

ಉಡುಪಿಯ ಥಿಯೇಟರಿನಲ್ಲಿ ಅವನ ಪಕ್ಕದಲ್ಲೇ ಕೂತು ನೋಡಿದೆ. ಆ ದೃಶ್ಯ ಬಂದಾಗ ಜನ ಶಿಳ್ಳೆ ಹೊಡೆದರು. ಸಂದೇಶ ನನ್ನ ಕಡೆ ಬಗ್ಗಿದ.

"ನನಗೆ ನೆನಪಿಲ್ಲ ಸರ್. ಕಣ್ಣಿಗೆ ಬಿದ್ದ ಪೆಟ್ಟು ಯಾವುದು?"

"ಮೂರನೆಯದು," ಎಂದೆ.

ಅವನು ಮತ್ತೆ ತೆರೆಯ ಕಡೆ ತಿರುಗಿದ. "ಚಂದ ಬಂದಿದೆ ಅಲ್ವಾ?" ಎಂದ.

ಆಮೇಲೆ ಇನ್ನೆರಡು ಸಿನಿಮಾದವರು ಕರೆದರು, ನಾನು ಹೋಗಲಿಲ್ಲ. ಹೋಗುವವರಿಗೆ ಒಂದು ಮಾತು ಹೇಳಬಲ್ಲೆ. ಹೊಡೆಯಿರಿ ಎನ್ನುವುದನ್ನು ಯಾರು ಬೇಕಾದರೂ ಕಲಿಸಬಹುದು. ಅದಕ್ಕೆ ಮೊದಲು, ಇವರು ಯಾರ ಸ್ವರಕ್ಕೆ ನಿಲ್ಲುತ್ತಾರೆ ಎಂದು ಕೇಳಿಕೊಳ್ಳಬೇಕು. ಇಪ್ಪತ್ತೆಂಟು ವರ್ಷ ಆಜ್ಞೆ ಕೊಟ್ಟವನು ಇದನ್ನು ಕಲಿತದ್ದು ಐವತ್ತು ದಾಟಿದ ಮೇಲೆ, ಮತ್ತು ಅದಕ್ಕೆ ಬೆಲೆಯಾಗಿ ಹೋದದ್ದು ನನ್ನ ಕಣ್ಣಲ್ಲ.