ಅಕ್ಕನ ಗುಳಿಗೆ

ನಮ್ಮ ಮನೆಯಲ್ಲಿ ಒಂದೇ ರೋಗಕ್ಕೆ ಎರಡು ಹೆಸರಿದ್ದವು. ಅಕ್ಕನಿಗೆ ಬಂದರೆ ಗಾಳಿ, ಅಣ್ಣನಿಗೆ ಬಂದರೆ ಸಿಟ್ಟು.

ಎಪ್ಪತ್ತರ ದಶಕದ ಕೊನೆಯ ಮಾತು. ಇಳಕಲ್ಲಿನಲ್ಲಿ ಅಪ್ಪನದು ಸೀರೆಯ ಮಗ್ಗ, ಅಣ್ಣನೂ ಅದರಲ್ಲೇ ಕೂರುತ್ತಿದ್ದ. ನಾನು ಎಲ್ಲರಿಗಿಂತ ಕಿರಿಯಳು. ಅಕ್ಕನನ್ನು ಹುನಗುಂದಕ್ಕೆ ಕೊಟ್ಟಿದ್ದರು. ಅವಳಿಗೆ ಗಂಡ ಬೆಳಿಗ್ಗೆ ದೇವರು, ಸಂಜೆ ದೆವ್ವ. ಅವನು ಬಾಗಲಕೋಟೆಗೆ ಹೋಗಿ ಬಸ್ಸು ತಪ್ಪಿಸಿಕೊಂಡರೆ, ತನ್ನನ್ನು ಬಿಟ್ಟೇ ಹೋದನೆಂದು ಬಳೆ ಒಡೆದು ಮುಂಗೈ ಗೀರಿಕೊಳ್ಳುತ್ತಿದ್ದಳು. ಕೊನೆಗೆ ಅವಳ ಅತ್ತೆ ತಂದು ಬಿಟ್ಟು ಹೋದರು. "ಆರಾಮ ಆದ್ರ ಒಯ್ತೇವ್ರಿ. ಇಲ್ಲಂದ್ರ ನಮ್ಮ ಹುಡುಗಗ ಬ್ಯಾರೆ ಹೆಣ್ಣು ನೋಡ್ತೇವಿ" ಎಂದರು.

ಅಣ್ಣನದೂ ಅದೇ ಕಥೆ. ಗೆಳೆಯನೆಂದರೆ ಪ್ರಾಣ. ಆ ಗೆಳೆಯ ಒಂದು ಸಲ ಚಹಾಕ್ಕೆ ಕರೆಯದಿದ್ದರೆ ಮರುದಿನದಿಂದ ಅವನ ಮುಖ ನೋಡುತ್ತಿರಲಿಲ್ಲ. ಅತ್ತಿಗೆ ಬಾದಾಮಿಯ ತವರಿಗೆ ಹೊರಟಳೆಂದರೆ ಬೀಡಿಯಿಂದ ತೋಳು ಸುಟ್ಟುಕೊಳ್ಳುತ್ತಿದ್ದ. ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತ, "ನಮ್ಮ ಹುಡುಗಗ ಮೂಗಿನ ತುದಿಮ್ಯಾಲ ಸಿಟ್ಟು" ಎನ್ನುತ್ತಿದ್ದಳು. ದನಿಯಲ್ಲಿ ಒಂದಿಷ್ಟು ಜಂಬವೂ ಇರುತ್ತಿತ್ತು, ಏನು ಹೇಳಲಿ!

ಅಕ್ಕನಿಗೆ ನಿಂಬೆಹಣ್ಣು, ದಾರ, ಬೇವಿನ ಸೊಪ್ಪಿನ ಏಟು ಎಲ್ಲ ಮುಗಿದ ಮೇಲೆ ಬಾಗಲಕೋಟೆಯ ಡಾಕ್ಟರ ಬಳಿ ಕರೆದೊಯ್ದೆವು. ಅಣ್ಣ ಹೊರಗೆ ಬೆಂಚಿನ ಮೇಲೆ ಕುಳಿತ. ಡಾಕ್ಟರು ಅಕ್ಕನ ಮುಂಗೈ ನೋಡಿ, "ಮನ್ಯಾಗ ಮತ್ಯಾರಿಗರ ಹಿಂಗ ಐತೇನು?" ಎಂದು ಕೇಳಿದರು.

"ಇಲ್ರಿ ಸಾಹೇಬ್ರ" ಎಂದಳು ಅವ್ವ.

"ಹೊರಗ ಕುಂತಾನಲ್ರಿ ನಮ್ಮಣ್ಣ, ಅಂವನ ತೋಳು ನೋಡ್ರಿ" ಎಂದಳು ಅಕ್ಕ.

"ಅಂವ ಗಂಡಸ. ಅಂವಗೇನ ಧಾಡಿ ಆಗೈತಿ?" ಎಂದು ಅವ್ವ ನಕ್ಕಳು.

ಡಾಕ್ಟರೂ ನಕ್ಕರು. ಅಕ್ಕನ ಹೆಸರಿಗೆ ಗುಳಿಗೆ ಬರೆದುಕೊಟ್ಟರು.

ಎಷ್ಟೋ ವರ್ಷಗಳ ನಂತರ ಒಬ್ಬ ಡಾಕ್ಟರಮ್ಮ ಈ ಕಾಯಿಲೆಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಅನ್ನುತ್ತಾರೆಂದು ಹೇಳಿದರು. ಇದು ಹೆಂಗಸರಿಗಷ್ಟೇ ಬರುವುದೇ ಎಂದು ಕೇಳಿದೆ. "ದವಾಖಾನಿಗೆ ಬರಾವ್ರು ಹೆಂಗಸ್ರು ಭಾಳ. ಮನಿಮನಿ ಹೊಕ್ಕು ನೋಡಿದ್ರ ಗಂಡಸ್ರೂ ಹೆಚ್ಚುಕಡಿಮಿ ಅಷ್ಟ ಇರ್ತಾರ" ಎಂದರು. ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಆಗ ಬಾಗಲಕೋಟೆಯ ಗುಳಿಗೆ ಶುರುವಾಗಿ ತಿಂಗಳುಗಳು ಕಳೆದರೂ ಅಕ್ಕ ಹಾಗೆಯೇ ಇದ್ದಳು. ಅಣ್ಣ ಮಾತ್ರ ತಣ್ಣಗಾಗುತ್ತ ಬಂದ. ಅತ್ತಿಗೆ ತವರಿಗೆ ಹೋದಾಗಲೂ ಮಗ್ಗದ ಸದ್ದು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅಕ್ಕ ಗುಳಿಗೆಯನ್ನು ಎರಡು ತುಂಡು ಮಾಡುತ್ತಿದ್ದಳು. ಯಾರಿಗೆ ಎಂದೆ.

"ದೊಡ್ಡ ತುಂಡು ಅಣ್ಣಗ. ಅಂವನೇ ಬಂದು ಕೇಳ್ಯಾನ."

"ಹುಚ್ಚೀ, ನೀ ಆರಾಮ ಆಗದಿದ್ರ ಹುನಗುಂದದಾವ್ರು ಒಯ್ಯೂದಿಲ್ಲ."

"ನನಗ ಐತಿ ಅಂತ ಊರಿಗೇ ಗೊತ್ತೈತಿ, ಅದಕ್ಕ ಗುಳಿಗಿ ಸಿಕ್ಕಾವು. ಅಂವಗ ಯಾರು ಕೊಡಸ್ತಾರ?"

ನನಗೆ ಸಿಟ್ಟು ಬರಬೇಕಿತ್ತು, ಅಳುವಾದರೂ ಬರಬೇಕಿತ್ತು. ಏನೂ ಬರಲಿಲ್ಲ. ರೊಟ್ಟಿ ಬಡಿಯಲು ಕುಳಿತೆ.

ಸುಗ್ಗಿ ಮುಗಿದ ಮೇಲೆ ಅಕ್ಕನ ಅತ್ತೆ ಬಂದು ಪಡಸಾಲೆಯಲ್ಲಿ ಕುಳಿತರು. ಅಕ್ಕ ಓಡಿಬಂದು ಅವರ ಕಾಲು ಹಿಡಿದಳು. "ನನ್ನ ಬಿಡಬ್ಯಾಡ್ರಿ ಅತ್ತಿ, ಸಾಯ್ತೇನ್ರಿ" ಎಂದು ಓಣಿಗೆಲ್ಲ ಕೇಳುವಂತೆ ಚೀರಿದಳು. ಅತ್ತೆ ಕಾಲು ಎಳೆದುಕೊಂಡು ಎದ್ದರು.

"ಇದು ಆರಾಮ ಆಗೂ ಪೈಕಿ ಅಲ್ರಿ. ನಾವು ಬ್ಯಾರೆ ಕಡೆ ಮಾತಾಡೇವಿ."

ಅಣ್ಣ ಮಗ್ಗದಿಂದೆದ್ದು ಬಂದ. ಸಮಾಧಾನವಾಗಿ, ದೊಡ್ಡ ಮನುಷ್ಯನಂತೆ ಹೇಳಿದ, "ನಾವೇನೂ ಕಡಿಮಿ ಮಾಡಿಲ್ರಿ. ಹೊತ್ತಹೊತ್ತಿಗೆ ಗುಳಿಗಿ ಕೊಟ್ಟೇವಿ. ಆಕಿ ಹಣಿಬರಾ."

ಅತ್ತೆ ಹೊರಟುಹೋದರು. ಅಕ್ಕ ಎದ್ದು ಮುಖ ತೊಳೆದು ಒಳಗೆ ಬಂದಳು. ಸ್ವಲ್ಪ ಹೊತ್ತಿಗೆ ಅಣ್ಣ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅಂಗೈ ಚಾಚಿದ. ಅವಳು ಆ ದಿನ ಗುಳಿಗೆಯನ್ನು ಮುರಿಯಲಿಲ್ಲ. ಇಡಿಯಾಗಿಯೇ ಅವನ ಕೈಗಿಟ್ಟಳು.

"ತಗೋ. ನಾ ಇನ್ನ ಎಲ್ಲಿಗಿ ಹೋಗೂದೈತಿ?" ಎಂದಳು.