ಗಿರಣಿ ಅಕ್ಕ ಸಮುದ್ರಕ್ಕೆ ಹೊರಟದ್ದು

ಸ್ನೇಹಾ, ವೀರೇಶಾ,

ಬರುವ ರವಿವಾರ ಅಂಕೋಲೆಗೆ ಹೋಗಿ ಸಮುದ್ರ ನೋಡಿಕೊಂಡು ಸಂಜೆಗೆ ತಿರುಗಿ ಬರೋಣವೆಂದು ನಿಮ್ಮಪ್ಪ ಹೇಳಿದಾಗಿನಿಂದ ನಿಮಗೆ ಬೇರೆ ಮಾತಿಲ್ಲ. ನಿನ್ನೆ ಉಂಡಿ, ಚುರುಮುರಿ ತುಂಬಿಕೊಳ್ಳಲು ಡಬ್ಬಿ ಹುಡುಕುತ್ತ ಅಟ್ಟದಿಂದ ಆ ಹಳೆಯ ತಗಡಿನ ಡಬ್ಬಿ ಇಳಿಸಿದಿರಿ. ಮುಚ್ಚಳ ತೆಗೆದ ಕೂಡಲೇ ಜೋಳದ ಹಿಟ್ಟಿನ ವಾಸನೆ ಬಂತು. ಎಷ್ಟೋ ವರ್ಷಗಳಿಂದ ಅದರಲ್ಲಿ ಹಿಟ್ಟು ಹಾಕಿಲ್ಲ, ಆದರೂ ಬಂತು...

"ಆಯಿ, ಇದರ ಬುಡಕ್ಕ ಯಾಕ ಹಿಂಗ ತುಕ್ಕ ಹಿಡದೈತಿ?" ಎಂದು ಸ್ನೇಹಾ, ನೀನು ಕೇಳಿದೆ. "ಹಳೇದೈತಿ, ಬಿಡವಾ" ಎಂದು ನಾನು ಒಳಗೆ ಹೋದೆ. ಹೇಳುವುದು ಬಹಳ ಇತ್ತು. ಆದರೆ ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರವಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಆ ಡಬ್ಬಿಯ ಮುಚ್ಚಳದ ಮೇಲೆ ಕೆಂಪು ಬಣ್ಣದ ಮೂರು ಚುಕ್ಕೆಗಳಿವೆ, ನೋಡಿರಿ. ಅವನ್ನು ಇಟ್ಟವಳು ನಮ್ಮ ಓಣಿಯ ಗಿರಣಿ ಅಕ್ಕ. ಹತ್ತು ಮನೆಯ ಡಬ್ಬಿಗಳು ಸಾಲಾಗಿ ಕೂತಾಗ ಯಾರದು ಯಾವುದು ಎಂದು ಗುರುತು ಹತ್ತಲೆಂದು ಮನೆಗೊಂದು ಗುರುತು ಹಾಕಿದ್ದಳು. ಕಿತ್ತೂರಿನ ಈಚೆಗಿನ ನಮ್ಮ ಹಳ್ಳಿಗೆ ಇದ್ದದ್ದು ಅದೊಂದೇ ಹಿಟ್ಟಿನ ಗಿರಣಿ. ಅವಳಪ್ಪ ಹಾಕಿದ್ದು, ಅವನು ತೀರಿದ ಮೇಲೆ ಇಪ್ಪತ್ತು ವರ್ಷ ಅವಳೇ ನಡೆಸಿದಳು. ಹುಬ್ಬಿನ ಮೇಲೆ, ಕಿವಿಯ ಮೇಲೆ ಯಾವಾಗಲೂ ಹಿಟ್ಟು. ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುವಳು. ಗಿರಣಿಯ ಮೈಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಲ್ಲುವಳು; ಆ ನಡುಕದಲ್ಲೇ ಒಳಗಿನ ಕಲ್ಲು ಸವೆದಿದೆಯೋ ಇಲ್ಲವೋ ಅವಳಿಗೆ ತಿಳಿಯುತ್ತಿತ್ತು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹೊಸ್ತಿಲು ದಾಟುತ್ತಿದ್ದುದು ಗಿರಣಿಗೆ ಹೋಗಲು ಮಾತ್ರ. ನಿಮ್ಮಪ್ಪ ಆಗ ಧಾರವಾಡದಲ್ಲಿ ಕಾಲೇಜಿಗೆ ಹೋಗುತ್ತಿದ್ದ. ಮನೆಯಲ್ಲಿ ನಾನು, ನಮ್ಮ ಅತ್ತೆ. ನನ್ನ ದನಿ ನನಗೇ ಮರೆತಂತಾಗಿತ್ತು. ಗಿರಣಿಯಲ್ಲಿ ಮಾತ್ರ ಒದರದೆ ಗತಿಯಿರಲಿಲ್ಲ. "ಗಟ್ಟಿ ಹೇಳ ತಂಗಿ, ಇದೇನ ಮಠ ಅಲ್ಲ!" ಎಂದು ಅವಳು ಅಂದರೆ ನಾನು ಒದರುತ್ತಿದ್ದೆ. ಅಲ್ಲಿ ಎಲ್ಲರೂ ಒದರುವವರೇ. ಯಾರೂ ಹೊರಳಿ ನೋಡುತ್ತಿರಲಿಲ್ಲ.

ಒಂದು ದಿನ ಕರೆಂಟು ಹೋಗಿ ಗಿರಣಿ ನಿಂತಿತ್ತು. ಅಷ್ಟು ಸುಮ್ಮನಿದ್ದ ಜಾಗದಲ್ಲಿ ನಾನು ಮೆಲ್ಲಗೆ ಏನೋ ಕೇಳಿದೆ. ಅವಳಿಗೆ ತಿಳಿಯಲಿಲ್ಲ. ಆಗ ಅವಳೇ ಹೇಳಿದಳು: "ಧಾರವಾಡದ ಡಾಕ್ಟರ್ ಹೇಳ್ಯಾರ, ಕಿವಿ ಇನ್ನ ಭಾಳ ದಿನಾ ಇರೂದಿಲ್ಲಂತ. ಗಿರಣಿ ತಿಂದೈತಿ. ತಿನ್ನಲಿ, ಅನ್ನಾನೂ ಅದ ಹಾಕೇತಿ." ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಳ್ಳುತ್ತ, "ನಮ್ಮಪ್ಪ ಒಮ್ಮೆ ಅಂಕೋಲಾದಾಗ ಸಮುದ್ರ ನೋಡಿ ಬಂದಿದ್ದ. 'ಅದರ ಮುಂದ ನಮ್ಮ ಗಿರಣಿ ಒಂದ ನೊಣಾ' ಅಂತಿದ್ದ. ಕಿವಿ ಮುಚ್ಚೂದರಾಗ ಅದೊಂದ ಸಪ್ಪಳಾ ಕೇಳಬೇಕ ತಂಗಿ. ನೀ ಬಾ ಜೋಡಿ. ನನಗ ಬ್ಯಾರೆ ಗೆಳತ್ಯಾರ ಯಾರದಾರ?"

ನಾನು ಹೂಂ ಅಂದೆ.

ಆ ಮೇಲೆ ಶುರುವಾಯಿತು ನಮ್ಮ ತಯಾರಿ. ಅವಳ ತಮ್ಮನ ಜೀಪು, ಹೊಡೆಯುವವನೂ ಅವನೇ. ಬೆಳಗಾಗುವ ಮುಂಚೆ ಬಿಟ್ಟು, ಧಾರವಾಡ, ಕಲಘಟಗಿ, ಯಲ್ಲಾಪುರ ದಾಟಿ ಘಟ್ಟ ಇಳಿದು, ಸಂಜೆಗೆ ತಿರುಗಿ ಬರುವುದು. ಯಾವ ದಿನ? ಅಮಾವಾಸ್ಯೆಯೇ ಸೈ. ಅಂದು ಯಾರೂ ಎತ್ತು ಹೂಡುವುದಿಲ್ಲ, ಹಬ್ಬದಡುಗೆಯ ಹಿಟ್ಟನ್ನು ಹಿಂದಿನ ದಿನವೇ ಬೀಸಿಸಿಕೊಂಡಿರುತ್ತಾರೆ, ಗಿರಣಿಗೆ ಕೆಲಸವಿಲ್ಲ. ಗಿರಣಿಯ ಕರಿ ಬಾಗಿಲ ಮೇಲೆ ಸೀಮೆಸುಣ್ಣದಿಂದ ಅವಳು ಬರೆಯುತ್ತಿದ್ದಳು: ರೊಟ್ಟಿ, ಶೇಂಗಾಚಟ್ನಿ, ಎರಡು ಕೊಡ ನೀರು. ನಡೆಯುವ ಗಿರಣಿಯ ಪಕ್ಕ ನಿಂತು ಒದರಿ ಒದರಿ ಮಾಡಿದ ಯೋಚನೆ ಗುಟ್ಟಾಗಿ ಉಳಿದೀತೇ? ಓಣಿಗೆಲ್ಲ ಗೊತ್ತಾಯಿತು. ಹಿಟ್ಟಿಗೆ ಬಂದವರೆಲ್ಲ ಬುದ್ಧಿ ಹೇಳುವವರೇ.

"ಅಮಾಸಿ ದಿನಾ ಸಮುದ್ರ ಉಕ್ಕತೈತೆವ್ವಾ, ಹೋಗಬ್ಯಾಡ್ರಿ" ಎಂದು ಒಬ್ಬ ಮುದುಕ ಹೆದರಿಸಿದ.

"ಉಕ್ಕಲಿ ಬಿಡ್ರಿ ಕಾಕಾ. ನಾ ಸಪ್ಪಳಾ ಕೇಳಾಕ ಹೊಂಟೇನಿ. ಮಲಗಿದ್ದನ್ನ ನೋಡಿ ಏನ ಮಾಡ್ಲಿ?" ಎಂದಳು ಅಕ್ಕ.

ಯುಗಾದಿ ಆದ ಮೇಲಿನ ಅಮಾವಾಸ್ಯೆಗೆ ಹೋಗುವುದೆಂದು ಗಟ್ಟಿಯಾಯಿತು. ಹಿಂದಿನ ಸಂಜೆ ನಾನು ನಳದ ಹತ್ತಿರ ನಿಂತಿದ್ದೆ. ಓಣಿಯ ಒಬ್ಬಾಕೆ ಕೊಡ ತುಂಬುತ್ತ, ನನ್ನ ಮುಖ ನೋಡದೆ, "ಗಂಡ ಹೋಗಿ ಎರಡ ವರ್ಷ ಆಗಿಲ್ಲ, ಸಮುದ್ರ ನೋಡೂ ಹುರುಪ ಬಂದೈತಿ ನೋಡವಾ ಮಂದಿಗಿ" ಎಂದಳು. ಉಳಿದವರು ನಕ್ಕರೋ ಇಲ್ಲವೋ ನೆನಪಿಲ್ಲ. ನಾನು ಅರ್ಧ ತುಂಬಿದ ಕೊಡ ಹೊತ್ತುಕೊಂಡು ಮನೆಗೆ ಬಂದೆ.

ಬೆಳಿಗ್ಗೆ ಜೀಪು ಬಂದು ನಿಂತ ಸಪ್ಪಳ ಕೇಳಿತು. ನಾನು ಒಳಕೋಣೆಯ ಚಿಲಕ ಹಾಕಿಕೊಂಡು ಕೂತಿದ್ದೆ. ರೊಟ್ಟಿ ತುಂಬಿದ ಇದೇ ಡಬ್ಬಿ ಪಕ್ಕದಲ್ಲಿತ್ತು. ಮೈಯಲ್ಲಿ ಹುಷಾರಿಲ್ಲವೆಂದು ಅತ್ತೆಯ ಕೈಯಲ್ಲಿ ಹೇಳಿಸಿದೆ. ಅತ್ತೆ ಕೈಸನ್ನೆ ಮಾಡಿ ಹೇಳಿರಬೇಕು. ಅಕ್ಕ ಕೋಣೆಯ ಬಾಗಿಲಿಗೆ ಬಂದು ಹೊರಗಿನಿಂದಲೇ ಅಂದಳು: "ಜ್ವರಾ ಬಂದಾವೇನ ತಂಗಿ? ಮಲಕೋ. ಮುಂದಿನ ಅಮಾಸಿಗೆ ಹೋಗೂಣು. ಸಮುದ್ರ ಎಲ್ಲೆ ಓಡಿ ಹೋಗತೈತಿ?"

ಸಮುದ್ರ ಓಡಿ ಹೋಗುವುದಿಲ್ಲ. ಓಡಿ ಹೋಗುತ್ತಿದ್ದುದು ಅವಳ ಕಿವಿ. ಅದು ನನಗೆ ಗೊತ್ತಿತ್ತು...

ಅಕ್ಕ, ತಮ್ಮ ನೀವಿಬ್ಬರೇ ಹೋಗಿ ಬನ್ನಿ ಎಂದು ಅವರಿಗೆ ಹೇಳಲೂ ನನಗೆ ಬಾಯಿ ಬರಲಿಲ್ಲ. ಜೀಪು ಹೊಳ್ಳಿಸಿಕೊಂಡು ಹೋದರು. ಮುಂದಿನ ಅಮಾವಾಸ್ಯೆಗೆ ತಮ್ಮನ ಜೀಪಿಗೆ ಮದುವೆಯ ಬಾಡಿಗೆ. ಅದರ ಮುಂದಿನದಕ್ಕೆ ಮಳೆ ಹಿಡಿಯಿತು, ಘಟ್ಟದ ರಸ್ತೆ ಬೇಡವೆಂದರು. ಶ್ರಾವಣದ ಹೊತ್ತಿಗೆ ನಾನು ಗಿರಣಿಯಲ್ಲಿ ಎಷ್ಟು ಒದರಿದರೂ ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮುಖಕ್ಕೆ ಮುಖ ಕೊಟ್ಟು ಬಾಯಿ ಅಗಲ ಮಾಡಿ ಹೇಳಿದರೆ ಮಾತ್ರ ತಿಳಿಯುತ್ತಿತ್ತು. ಕೊನೆಗೆ ದೀಪಾವಳಿ ಮುಗಿದು ಛಟ್ಟಿ ಅಮಾವಾಸ್ಯೆಯ ದಿನ ಹೊರಟೆವು. ಹಾದಿಯುದ್ದಕ್ಕೂ ಅವಳು ಹುಡುಗಿಯಂತೆ ಕಿಟಕಿಗೆ ಕೂತಿದ್ದಳು.

ನಾವು ಮಲಪ್ರಭೆಯ ದಂಡೆಯ ಮಂದಿ. ಹೊಳೆಗೆ ಹೋದರೆ ಬುತ್ತಿಯನ್ನು ನೀರಿನ ಅಂಚಿಗೆ ತಂಪಿನಲ್ಲಿ ಇಟ್ಟು ಕೈಕಾಲು ತೊಳೆಯುವುದು ರೂಢಿ. ಅಲ್ಲಿಯೂ ಹಾಗೇ ರೊಟ್ಟಿಯ ಡಬ್ಬಿಯನ್ನು ಹಸಿ ಉಸುಕಿನ ಮೇಲೆ ಇಟ್ಟು, ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರಿನಲ್ಲಿ ಇಬ್ಬರೂ ಕೈ ಹಿಡಿದು ನಿಂತೆವು.

ಎಷ್ಟು ದೊಡ್ಡ ಸಪ್ಪಳ ಅದು, ಮಕ್ಕಳೇ. ಅಕ್ಕನ ಮುಖ ನೋಡಿದೆ. ಅವಳು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದಳು. ಸೆರಗು ಸರಿಸಿ ಕಿವಿ ತೆರೆದಳು. ಬಹಳ ಹೊತ್ತು ಹಾಗೇ ನಿಂತಳು. ಆಮೇಲೆ ಬಗ್ಗಿ, ಗಿರಣಿಯ ಮೈಮೇಲೆ ಇಡುವ ಹಾಗೆ ಅಂಗೈಯನ್ನು ಉಸುಕಿನ ಮೇಲೆ ಇಟ್ಟಳು.

"ಬರಾಕತ್ತೈತಿ" ಎಂದಳು. "ಕಾಲಾಗ ಬರಾಕತ್ತೈತಿ. ಕಿವ್ಯಾಗ ಇಲ್ಲ." ಆಮೇಲೆ ನನ್ನ ಕಡೆ ಹೊರಳಿ, "ನೀ ಹೇಳ ತಂಗಿ. ಹೆಂಗೈತಿ? ನಮ್ಮ ಗಿರಣಿಕಿಂತ ಜೋರ ಐತೇನ?"

ದಂಡೆಯ ಮೇಲೆ ಗುರುತಿಲ್ಲದ ಮಂದಿ ಬಹಳ ಇದ್ದರು. ನಾನು ಅವಳ ಎದುರಿಗೆ ನಿಂತು, ಬಾಯಿ ಅಗಲ ಮಾಡಿ, ಹುಟ್ಟಿದಾಗಿನಿಂದ ಒದರದಷ್ಟು ಗಟ್ಟಿಯಾಗಿ ಒದರಿದೆ: "ಜೋರ ಐತಿ ಅಕ್ಕಾ! ಆದರ ಇದು ನಡುನಡುವ ದಮ್ಮ ತಗೋತೈತಿ! ನಿನ್ನ ಗಿರಣಿ ದಮ್ಮ ತಗೊಳ್ಳೂದಿಲ್ಲ!" ತೆರೆ ಬಂದಾಗ ಅವಳ ಅಂಗೈ ಒತ್ತಿ, ಹೋದಾಗ ಬಿಟ್ಟು, ಒತ್ತಿ, ಬಿಟ್ಟು ತೋರಿಸಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ನಕ್ಕಳು. "ಅಂದ್ರ ನಮ್ಮಪ್ಪ ಸುಳ್ಳ ಹೇಳ್ಯಾನ. ಗಿರಣಿನ ಗಟ್ಟಿ."

ಅಷ್ಟರಲ್ಲಿ ಅವಳ ತಮ್ಮ ಬೊಬ್ಬೆ ಹೊಡೆದ. ಅಮಾವಾಸ್ಯೆಯ ನೀರು ಏರಿ ಬಂದು ಡಬ್ಬಿಯನ್ನು ಮುಟ್ಟಿ, ಎತ್ತಿ, ಒಯ್ಯುವುದರಲ್ಲಿತ್ತು. ಮೂವರೂ ಬಿದ್ದೆದ್ದು ಹಿಡಿದೆವು. ಕೆಳಗಿನ ರೊಟ್ಟಿಗಳಿಗೆ ನೀರು ಹೊಕ್ಕಿತ್ತು. ಅಕ್ಕ ಒಂದು ತುಂಡು ಬಾಯಿಗೆ ಹಾಕಿಕೊಂಡು, "ನೀ ಎಂದೂ ರೊಟ್ಟಿಗೆ ಉಪ್ಪ ಹಾಕಿದಾಕಿ ಅಲ್ಲ. ಸಮುದ್ರಕ್ಕ ತಿಳದೈತಿ ನೋಡು" ಎಂದಳು. ಮನೆಗೆ ಬಂದು ಎಷ್ಟು ತೊಳೆದರೂ ಡಬ್ಬಿಯ ಬುಡಕ್ಕೆ ನಾಲ್ಕು ಬೆರಳಿನಷ್ಟು ತುಕ್ಕು ಹಿಡಿಯಿತು. ಸ್ನೇಹಾ, ನೀನು ಕೇಳಿದ ತುಕ್ಕು ಇದು.

ಅವಳು ಅಂಗೈಯಲ್ಲಿ ಕೇಳುತ್ತ ಗಿರಣಿಯನ್ನು ಇನ್ನೂ ಕೆಲವು ವರ್ಷ ನಡೆಸಿದಳು. ವೀರೇಶಾ, ನೀನು ಹುಟ್ಟುವ ಮೊದಲೇ ತೀರಿಕೊಂಡಳು. ಈಗ ಆ ಜಾಗದಲ್ಲಿ ಗಿರಣಿ ಇಲ್ಲ, ಕರಿ ಬಾಗಿಲೂ ಇಲ್ಲ. ಆ ಬೆಳಿಗ್ಗೆ ನನಗೆ ಜ್ವರ ಬಂದಿರಲಿಲ್ಲ ಎಂಬುದನ್ನು ನಾನು ಅವಳಿಗೆ ಹೇಳಲಿಲ್ಲ. ಎದುರು ನಿಂತು ಬಾಯಿ ಅಗಲ ಮಾಡಿ ಎಂದು ಬೇಕಾದರೂ ಹೇಳಬಹುದಿತ್ತು. ದಿನವೂ ಹಿಟ್ಟಿಗೆ ಹೋಗುತ್ತಿದ್ದೆ. ದಿನವೂ ಹೇಳದೆ ತಿರುಗಿ ಬಂದೆ... ಈಗ ಹೇಳೋಣವೆಂದರೆ ಯಾರ ಎದುರು ನಿಲ್ಲಲಿ?

ರವಿವಾರ ನಾನು ಬರುವುದಿಲ್ಲ, ಮೊಣಕಾಲು ನೋವು ಎಂದು ನಿಮ್ಮಪ್ಪನಿಗೆ ಹೇಳಿದ್ದೆನಲ್ಲ. ಅದೂ ಆ ಜ್ವರದಂಥದ್ದೇ. ನಾನು ಬರುತ್ತೇನೆ. ಗಾಡಿಯಲ್ಲಿ ನನಗೊಂದು ಜಾಗ ಇಡಿರಿ.

ಈ ಹಾಳೆಗಳನ್ನು ಓದಿ ಅಲ್ಲಿ ಇಲ್ಲಿ ಬಿಸಾಡಬೇಡಿರಿ. ತಿರುಗಿ ಬಂದ ಮೇಲೆ ಡಬ್ಬಿ ಒರೆಸಿ, ಅದರಲ್ಲೇ ಹಾಕಿ ಮುಚ್ಚಿಡಿರಿ. ನಾನಿಲ್ಲದ ಕಾಲಕ್ಕೆ ನೀವು ಎಂದಾದರೂ ಅದನ್ನು ಸಮುದ್ರಕ್ಕೆ ಒಯ್ದರೆ ನೀರಿನಿಂದ ದೂರ ಇಡಿರಿ. ಅದು ಹೊಳೆಯಲ್ಲ.