ಜಮಖಂಡಿಯಲ್ಲಿ ಸೋತ ಆಟ

ಬನಹಟ್ಟಿಯ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಮಗ್ಗಗಳು ನಿಂತವೆಂದರೆ ಅಜ್ಜ, ಅಂದರೆ ನಮ್ಮ ಮುತ್ಯಾ, ಚದುರಂಗದ ಹಾಸು ಬಿಡಿಸುತ್ತಿದ್ದರು. ಅವರೆದುರಿನ ಜಾಗ ನನ್ನದು. ಚಿಕ್ಕಪ್ಪನ ಮಗನಿಗೂ ಅವರೇ ಕಲಿಸಿದ್ದರು. ಗೆಲ್ಲುತ್ತಿದ್ದವಳು ಮಾತ್ರ ನಾನು. ಆದರೂ ಜಮಖಂಡಿಯ ಪಂದ್ಯಕ್ಕೆ ಹೋದವನು ಅವನು.

“ಹುಡುಗಿ ಒಬ್ಬಾಕಿನ್ನ ಎಲ್ಲಿ ಕಳಸೂದು?” ಎಂದಿದ್ದಳು ಅಜ್ಜಿ.

ಅವನು ಸೋತು ಬಂದರೆ ತೆಂಗಿನಕಾಯಿ ಒಡೆಸುತ್ತೇನೆಂದು ಬೀರಪ್ಪನಿಗೆ ಹರಕೆ ಹೊತ್ತೆ. ಸೋತೇ ಬಂದ.

ಮುತ್ಯಾ ಕಲಿಸಿದ ಹಳೆಯ ಆಟದಲ್ಲಿ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಪಂದ್ಯದಲ್ಲಿ ಆ ಜಿಗಿತವಿಲ್ಲ. ಗೊತ್ತಿದ್ದೂ ಅವನ ಕೈ ರೂಢಿಯಂತೆ ರಾಜನನ್ನು ಎತ್ತಿ ಜಿಗಿಸಿಬಿಟ್ಟಿತ್ತು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂದರಂತೆ ನಿರ್ಣಾಯಕರು. ಪಾಪ, ರಾಜ ಒಂದು ಮನೆ ಮುಂದೆ, ಬಯಲಿಗೆ ಬಂದು ನಿಂತ. ಅಲ್ಲಿಗೆ ಆಟ ಕೆಟ್ಟಿತು.

ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆದರೆ ಮುತ್ಯಾ, “ತಪ್ಪ ಅವಂದಲ್ಲ, ಕಲಿಸಿದಾಂವಂದು. ಬಾರಪಾ, ಮೊದಲಿಂದ ನೋಡೂಣು” ಎಂದು ಅವನನ್ನು ನನ್ನ ಜಾಗದಲ್ಲೇ ಕೂರಿಸಿಕೊಂಡರು. ಕರೆಂಟು ಹೋದಾಗಲೆಲ್ಲ ಅದೇ ಆಟ, ಅದೇ ಮೊದಲ ನಡೆಗಳು. ಗೆದ್ದು ಬಂದಿದ್ದರೂ ಅವನಿಗೆ ಇಷ್ಟು ಉಪಚಾರ ಸಿಗುತ್ತಿರಲಿಲ್ಲ. ಸೋಲುವುದಕ್ಕಾದರೂ ನನ್ನನ್ನು ಕಳಿಸಬಾರದಿತ್ತೇ!

ಒಂದು ದಿನ ಮುತ್ಯಾ ಕರೆದರು. “ಬಾ ಬೇ, ನೀ ಕರೀವು ಹಿಡಿ. ಜಮಖಂಡ್ಯಾಗ ಇವನ ಎದುರು ಕುಂತ ಹುಡುಗ ಆಡಿದಂಗ ಆಡ್ಕೋತ ಹೋಗು. ಇವಗ ರೂಢಿ ಆಗ್ಲಿ.”

ಅವನು ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ತಳ್ಳಿದ, ನಾನೂ ತಳ್ಳಿದೆ. ಅವನೊಂದು ಕುದುರೆ, ನನ್ನದೊಂದು ಕುದುರೆ. ಅವನು ಒಂಟೆಯ ಪ್ಯಾದೆಯನ್ನು ಒಂದು ಮನೆ ಸರಿಸಿದ. ಈಗ ನಾನು ಇನ್ನೊಂದು ಕುದುರೆ ತೆಗೆಯಬೇಕು. ಕದ್ದು ನೋಡಿ ನೋಡಿ ಬಾಯಿಪಾಠವಾಗಿತ್ತು. ತೆಗೆಯಲಿಲ್ಲ. ಮಂತ್ರಿಯ ಪ್ಯಾದೆಯನ್ನು ಎರಡು ಮನೆ ನುಗ್ಗಿಸಿದೆ.

“ಮುತ್ಯಾ, ಇಕಿ ತಪ್ಪ ಆಡಾಕತ್ತಾಳ ನೋಡ್ರಿ! ಅಂವಾ ಹಿಂಗ ಆಡಿಲ್ಲ.”

“ಅಂವಾ ಆಡಿಲ್ಲ, ನಾ ಆಡೇನಿ. ನೀ ಮುಂದ ಆಡಲೇ!” ಎಂದೆ ನಾನು.

ಮುತ್ಯಾ ಹಾಸಿನ ಮೇಲೆ ಬಗ್ಗಿದರು. ಆಮೇಲೆ, “ತಮ್ಮಾ, ನೀ ಸರಿ ಅತ್ಲಾಗ” ಎಂದು ಅವನನ್ನು ಎಬ್ಬಿಸಿ, ಬಿಳಿಯ ಕಾಯಿಗಳ ಹಿಂದೆ ತಾವೇ ಕುಳಿತರು. ಅಷ್ಟರಲ್ಲಿ ಕರೆಂಟು ಬಂತು.

“ಮಗ್ಗ ಚಾಲೂ ಮಾಡಂಗಿಲ್ಲೇನ್ರೀ?” ಒಳಗಿನಿಂದ ಅಜ್ಜಿ.

“ಇರಲಿ ತಡಿ. ಇಕಿ ಕುತಗಿಗೇ ಬಂದಾಳ.”

ಆ ಆಟ ನಾನು ಸೋತೆ. ಚಿಕ್ಕಪ್ಪನ ಮಗ ವಾರವಿಡೀ ನನ್ನ ಮುಖ ನೋಡಲಿಲ್ಲ. ಎಷ್ಟು ಹಿತವಾಗಿತ್ತೋ!